ಬಾಡಿಗೆ ಗಾಡಿಯ ಕಾಗದದಲ್ಲಿ ಸ್ಲಾವ್ಕಾ ಇರಲಿಲ್ಲ

ಝೋರಿಯಾ ಊರಿನಲ್ಲಿ ಹಿಮದ ಮೇಲೆ ಓಡುವ ಗಾಡಿಗೆ, ಸ್ನೋಮೊಬೈಲಿಗೆ, ಬೀಗ ಹಾಕುವವರಿಲ್ಲ. ಕೀಲಿ ಗಾಡಿಯಲ್ಲೇ ಇರುತ್ತದೆ. ಹಿಮ ಬಿದ್ದು ರಸ್ತೆ ಮುಚ್ಚಿತೆಂದರೆ, ಯಾರ ಅಂಗಳದ ಗಾಡಿ ಹತ್ತಿರವೋ ಅದನ್ನೇರಿ ಹೋಗುವುದು, ಸಂಜೆಗೆ ಪೆಟ್ರೋಲ್ ತುಂಬಿಸಿ ತಂದು ನಿಲ್ಲಿಸುವುದು. ಕೆಟ್ಟರೆ ಕೆಡಿಸಿದವನೇ ಸರಿಮಾಡಿಕೊಡುತ್ತಾನೆ. ಅವನ ಕೈಲಾಗದಿದ್ದರೆ ನಾಲ್ಕು ಮನೆಯವರು ಕೂಡಿ ಮಾಡಿಕೊಡುತ್ತಾರೆ. ಸಸ್ಕಾಚುವಾನ್ ಪ್ರಾಂತ್ಯದ ಬಯಲಿನ ಈ ಊರು ಎಷ್ಟೋ ಚಳಿಗಾಲಗಳನ್ನು ಹೀಗೆಯೇ ಕಳೆದಿದೆ. ಕಷ್ಟ ಬರುವುದು ಊರು ಬಿಟ್ಟು ಹೊರಟಾಗ.

ಆ ಊರಿನ ಸ್ಲಾವ್ಕಾಳಿಗೆ ಬೆಟ್ಟ ನೋಡುವ ಆಸೆ. ಹುಟ್ಟಿದಾಗಿನಿಂದ ಗೋಧಿ ಹೊಲ ಬಿಟ್ಟರೆ ಆಕಾಶ, ಆಕಾಶ ಬಿಟ್ಟರೆ ಗೋಧಿ ಹೊಲ. ಗಂಡ ಬೊಹ್ದಾನ್ ಈ ಫೆಬ್ರವರಿಯಲ್ಲಿ ಕೊನೆಗೂ ಮನಸ್ಸು ಮಾಡಿದ. ಮನೆಯ ಗಾಡಿ ಬಯಲಿನ ಗಟ್ಟಿ ಹಿಮಕ್ಕೆ ಸರಿ. ಬೆಟ್ಟದ ಪುಡಿ ಹಿಮದಲ್ಲಿ ಹೂತುಕೊಳ್ಳುತ್ತದೆ. ಅಲ್ಲಿಗೇ ಹೋಗಿ ಇಬ್ಬರು ಕೂರುವ ಗಾಡಿ ಬಾಡಿಗೆಗೆ ಹಿಡಿಯುವುದೆಂದು ಮಾತಾಯಿತು. ಸ್ಲಾವ್ಕಾಳದು ಒಂದೇ ಷರತ್ತು: ಅರ್ಧ ದಾರಿ ತಾನು ಓಡಿಸಬೇಕು.

ಹೊರಡುವ ಮುನ್ನಾದಿನ ಪಕ್ಕದ ಮನೆಯ ಪರಾಸ್ಕಾ ಬಂದಳು. ಅವಳಿಗೆ ವಿಮೆ ಕಚೇರಿಯಲ್ಲಿ ಕೆಲಸ. ಊರಿಗೆಲ್ಲ ಅವಳು ‘ತೇತಾ’, ಚಿಕ್ಕಮ್ಮ. ಸ್ಲಾವ್ಕಾ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬಿನ ಅಂಚು ಒತ್ತುತ್ತಿದ್ದಳು. ತೇತಾ ತಾನೂ ಕೈ ತೊಳೆದು ಒತ್ತಲು ಕೂತಳು.

“ವಿಮೆ ಮಾಡಿಸ್ತೀಯೇನಪ್ಪ ಬೊಹ್ದಾನ್?”

“ಮನೆಗೆ ಇದೆ, ಹೊಲಕ್ಕಿದೆ, ಗಾಡಿಗಿದೆ. ಇನ್ನು ನನ್ನ ಮೀಸೆಗೊಂದು ಬಾಕಿ, ತೇತಾ.”

“ಮೀಸೆ ನಿಂದು. ಅಲ್ಲಿ ಹತ್ತೋ ಗಾಡಿ ನಿಂದಲ್ವಲ್ಲ. ನಿನ್ನ ಗಾಡಿ ವಿಮೆ ಬಾಡಿಗೆ ಗಾಡಿ ಹಿಂದೆ ನಾಯಿ ಥರ ಓಡಿ ಬರುತ್ತೆ ಅಂದ್ಕೊಂಡ್ಯಾ? ನಿನ್ನದು ಬರಲ್ಲ. ನಾನು ನೋಡಿದೀನಿ.”

“ಹುಡುಗ್ನಾಗಿದ್ದಾಗಿಂದ ಓಡಿಸ್ತಿದೀನಿ. ಒಂದ್ಸಲ ಬಿದ್ದಿಲ್ಲ.”

“ಬೀಳೋಕೆ ಇಲ್ಲಿ ಗುಡ್ಡ ಎಲ್ಲಿದೆ ಮಾರಾಯ?”

ಸ್ಲಾವ್ಕಾ ನಕ್ಕಳು. ತೇತಾ ನಗಲಿಲ್ಲ. ಗಾಡಿ ಮುರಿದರೆ ಒಂದು ವಿಮೆ, ಎದುರಿನವರಿಗೆ ಪೆಟ್ಟಾದರೆ ಇನ್ನೊಂದು. ಎರಡೂ ಇದೆಯೇ ಎಂದು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಬೇಕು ಎಂದಳು. ಬೆಟ್ಟ ಇರುವುದು ಬೇರೆ ಪ್ರಾಂತ್ಯದಲ್ಲಿ. ಅಲ್ಲಿ ಆಂಬುಲೆನ್ಸ್ ಹತ್ತಿದರೆ ಅದರ ದುಡ್ಡು ನಮ್ಮ ಆರೋಗ್ಯ ಕಾರ್ಡು ಕೊಡುವುದಿಲ್ಲ, ಪ್ರಯಾಣದ ವಿಮೆ ಬೇಕು ಎಂದಳು.

“ಎಲ್ಲಕ್ಕಿಂತ ಮುಖ್ಯ, ಇಬ್ಬರೂ ಓಡಿಸೋದಾದ್ರೆ ಇಬ್ಬರ ಹೆಸರೂ ಬರೆಸಿ. ಹೆಸರಿಲ್ಲದೋರು ಹ್ಯಾಂಡಲ್ ಹಿಡಿದ್ರೆ ವಿಮೆ ಇದ್ದೂ ಇಲ್ಲದ ಹಾಗೆ.”

“ಒಂದೊಂದು ಹೆಸರಿಗೂ ಬೇರೆ ದುಡ್ಡಂತೆ!” ಬೊಹ್ದಾನ್ ತೊಡೆ ತಟ್ಟಿಕೊಂಡ. “ಕಟ್ಕೊಂಡ ಹೆಂಡ್ತಿ ಹೆಸರು ಚರ್ಚಿನಲ್ಲಿ ಒಂದ್ಸಲ ಬರೆಸಿದೀನಿ, ತೇತಾ. ಅದೇ ಸಾಕಾಗಿದೆ.”

“ತಮಾಷೆ ಮಾಡು. ಇಲ್ಲಿ ಗಾಡಿ ಮುರಿದ್ರೆ ಊರೇ ನಿಂತ್ಕೊಳ್ಳುತ್ತೆ. ಅಲ್ಲಿ ನಿಮ್ಮನ್ನ ಬಲ್ಲೋರು ಯಾರಿದಾರೆ? ಅಲ್ಲಿ ಆ ಕಾಗದಾನೇ ನಿಮಗೆ ನೆರೆಹೊರೆ.”

ತೇತಾಳ ಕಾಟಕ್ಕೆ ಬೊಹ್ದಾನ್ ಪ್ರಯಾಣದ ವಿಮೆ ಮಾಡಿಸಿದ. ಬೆಟ್ಟದ ಬುಡದ ಬಾಡಿಗೆ ಅಂಗಡಿಯಲ್ಲಿ ಗೊಣಗುತ್ತಲೇ ಎರಡೂ ವಿಮೆ ಕೊಂಡ. ಗಾಡಿಯ ಮೇಲಿದ್ದ ಹಳೆಯ ಗೀರುಗಳ ಫೋಟೋ ಹೊಡೆದ. ಅಂಗಡಿಯಾಕೆ ಹಿಮಕುಸಿತದ ಆ ದಿನದ ವರದಿ ತೋರಿಸಿ, ಗುರುತಿನ ಕಂಬಗಳಿರುವ ದಾರಿ ಬಿಡಬೇಡಿ ಎಂದು ಹೇಳಿ, ಕೊನೆಗೆ ಕೇಳಿದಳು:

“ಬೇರೆ ಯಾರಾದ್ರೂ ಓಡಿಸ್ತಾರಾ?”

“ಇಲ್ಲ. ನಾನೊಬ್ನೇ.”

ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದ ಸ್ಲಾವ್ಕಾ ಬಾಯಿ ತೆರೆದಳು. ಹೊರಗಿನವರ ಮುಂದೆ ಜಗಳವೇಕೆ ಎಂದು ಮುಚ್ಚಿಕೊಂಡಳು.

ಬೆಟ್ಟದ ಮೇಲೆ ದಾರಿ ಮುಗಿಯುವಲ್ಲಿ ಮರದ ತಂಗುಮನೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಸ್ಲಾವ್ಕಾ ಇಳಿದಳು.

“ಇಲ್ಲಿಂದ ನಿನ್ನ ಸರದಿ. ಕಂಬದ ಒಳಗೇ ಇರೋ ಈ ದಿಣ್ಣೆ ಒಂದು ಹತ್ತಿಳಿದು ಬರ್ತೀನಿ,” ಎಂದ ಬೊಹ್ದಾನ್.

ಬೆಟ್ಟದವರು ಓರೆ ನೆಲದಲ್ಲಿ ಗಾಡಿಯ ಮೇಲೆ ಎದ್ದು ನಿಂತು, ಏರಿನ ಕಡೆಗೆ ಮೈ ವಾಲಿಸುತ್ತಾರೆ. ಬಯಲಿನವರಿಗೆ ಕುರ್ಚಿಯಲ್ಲಿ ಕೂತಂತೆ ಕೂತು ಅಭ್ಯಾಸ. ಬೊಹ್ದಾನ್ ಕೂತೇ ಇದ್ದ. ಗಾಡಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಮೆಲ್ಲಗೆ ಹೊರಳಿತು. ಮುಂದಿನ ಗಾಜು ಒಡೆಯಿತು. ಅವನ ಮಂಡಿ ಗಾಡಿಯ ಕೆಳಗೆ ಸಿಕ್ಕಿಕೊಂಡಿತು.

ತಂಗುಮನೆಯಲ್ಲಿದ್ದ ವಯಸ್ಸಾದ ಗಂಡ ಹೆಂಡತಿ ಓಡಿಬಂದು ಗಾಡಿ ಎತ್ತಿದರು. ಮಂಡಿ ಊದಿಕೊಳ್ಳುತ್ತಿತ್ತು. ಅವರಿಬ್ಬರದೂ ಒಬ್ಬೊಬ್ಬರೇ ಕೂರುವ ಗಾಡಿ. ಮೋಡ ಇಳಿಯುತ್ತಿತ್ತು.

“ನಾವು ಮುಂದೆ ನಿಧಾನ ಹೋಗ್ತೀವಿ,” ಎಂದ ಮುದುಕ. “ಇವನನ್ನ ಕೂರಿಸ್ಕೊಂಡು ಹಿಂದೆ ಬಾ, ಮಗಳೇ. ಓಡಿಸೋಕೆ ಬರುತ್ತಲ್ಲ?”

“ಬರುತ್ತೆ. ಆದ್ರೆ ಕಾಗದದಲ್ಲಿ ನನ್ನ ಹೆಸರಿಲ್ಲ.”

“ಪ್ರಾಣಕ್ಕಿಂತ ಕಾಗದ ದೊಡ್ಡದೇನೇ? ಹತ್ತು!” ಬೊಹ್ದಾನ್ ಹಲ್ಲು ಕಚ್ಚಿ ಹೇಳಿದ.

“ದೊಡ್ಡದಲ್ಲ. ಅದಕ್ಕೇ ಹತ್ತುತಿದೀನಿ.”

ಎಷ್ಟೋ ಚಳಿಗಾಲ ಕನಸು ಕಂಡ ಸವಾರಿ ಅದು. ಸ್ಲಾವ್ಕಾ ಬೆಟ್ಟವನ್ನು ನೋಡಲೇ ಇಲ್ಲ. ಕಂಡದ್ದು ಮುಂದಿನ ಗಾಡಿಯ ಕೆಂಪು ದೀಪ, ಪಕ್ಕದ ಕಣಿವೆ, ತಿರುವಿನಲ್ಲಿ ಎದುರು ಬರುವವರ ಬೆಳಕು. ಪ್ರತಿ ಬೆಳಕಿಗೂ ಒಂದೇ ಯೋಚನೆ: ಈಗ ಇವರಿಗೆ ತಾಕಿದರೆ? ಯಾರ ಮನೆಯ ಮಕ್ಕಳೋ. ಅವರ ಕೈಕಾಲಿಗೆ, ಅವರ ಆಸ್ಪತ್ರೆಗೆ ನಿಲ್ಲುವವರು ಯಾರು? ನಮ್ಮ ಹೊಲ ಮಾರಿದರೆ ಮುಗಿಯುತ್ತದೆಯೇ? ಹ್ಯಾಂಡಲ್ ಮೇಲಿನ ಹಿಡಿತ ಬಿಡಲಿಲ್ಲ. ಪ್ರತಿ ತಿರುವಿನಲ್ಲಿ ಹಿಂದೆ ಕೂತ ಬೊಹ್ದಾನನ ಕೈ ಅವಳ ಸೊಂಟವನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಅಂಗಡಿಯಾಕೆ ಮಂಡಿಗೆ ಮಂಜುಗಡ್ಡೆ ಕಟ್ಟಿ, ಒಡೆದ ಗಾಜು ನೋಡಿದಳು.

“ಕೆಳಗಿಳಿಸ್ಕೊಂಡು ಬಂದೋರು ಯಾರು?”

‘ನಾನೇ’ ಎಂದುಬಿಡಬಹುದಿತ್ತು. ಬೊಹ್ದಾನ್ ಹೆಂಡತಿಯ ಕೈಗಳನ್ನು ನೋಡಿದ. ಕೈಗವಸು ತೆಗೆದರೂ ಬೆರಳುಗಳು ಹ್ಯಾಂಡಲ್ ಹಿಡಿದ ಹಾಗೆಯೇ ಮಡಚಿಕೊಂಡಿದ್ದವು.

“ನನ್ನ ಹೆಂಡ್ತಿ. ಅವಳ ಹೆಸರು ನಾನು ಬರೆಸಲಿಲ್ಲ. ತಪ್ಪು ನಂದು.”

“ಗಾಜು ಒಡೆದಿದ್ದು ನಿಮ್ಮ ಕೈಲಿ ತಾನೆ? ನಿಮ್ಮ ಪಾಲು ಕೊಡಿ, ಮಿಕ್ಕಿದ್ದು ವಿಮೆ ನೋಡ್ಕೊಳ್ಳುತ್ತೆ,” ಎಂದಳು ಆಕೆ. ಆಮೇಲೆ ತಗ್ಗಿದ ದನಿಯಲ್ಲಿ, “ಬರೋ ದಾರೀಲಿ ಏನಾದ್ರೂ ಆಗಿದ್ರೆ, ಈ ಕಾಗದ ನಿಮ್ಮ ಪರ ಒಂದು ಮಾತೂ ಆಡ್ತಿರಲಿಲ್ಲ. ಪುಣ್ಯ, ಎಲ್ಲರೂ ಕ್ಷೇಮ. ನಾಳೆಗೂ ಗಾಡಿ ಹೇಳಿದೀರಿ. ಬೇಡ ಅನ್ನಲಾ?”

“ಬೇಕು. ನಾಳೆ ಇವಳ ಹೆಸರಿಗೆ ಬರೀರಿ. ನನ್ನ ಹೆಸರು ಹೊಡೆದ್ಹಾಕಿ.”

“ಹೊಡೆದ್ಹಾಕೋದ್ಯಾಕೆ?” ಎಂದಳು ಸ್ಲಾವ್ಕಾ. “ಕೆಳಗಿರ್ಲಿ, ಪಾಪ.”

ಮರುದಿನ ಆ ಮುದುಕ ಮುದುಕಿಯ ಹಿಂದೆ ಸ್ಲಾವ್ಕಾ ಮತ್ತೆ ಹೊರಟಳು. ಬೊಹ್ದಾನ್ ಕಾಲು ನೀಡಿ ಅಂಗಡಿಯ ಕಿಟಕಿಯ ಬಳಿ ಕೂತಿದ್ದ. ಮೇಲೆ ತಲುಪಿ, ಇಂಜಿನ್ ಆರಿಸಿ, ಅವಳು ಮೊದಲ ಸಲ ಬೆಟ್ಟವನ್ನು ಕಣ್ತುಂಬ ನೋಡಿದಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೇಳಿಸಿಕೊಳ್ಳುವವರೇ, ಬಾಡಿಗೆ ಗಾಡಿ ಯಾವುದಾದರೂ ಮಾತು ಒಂದೇ. ಗಾಡಿಗೂ ಎದುರಿನವರಿಗೂ ವಿಮೆ ಇದೆಯೇ, ನಮ್ಮ ಪಾಲಿಗೆ ಎಷ್ಟು ಬರುತ್ತದೆ, ಎಲ್ಲಿ ಹೋದರೆ ವಿಮೆ ನಡೆಯುವುದಿಲ್ಲ, ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ನಂಬಿಕೆ ಒಳ್ಳೆಯದೇ, ಆದರೆ ಬಲ್ಲವರಿಲ್ಲದ ಕಡೆ ಅದನ್ನು ಬರೆಸಿಕೊಳ್ಳಬೇಕು. ನಿಮ್ಮ ಜೊತೆ ಹ್ಯಾಂಡಲ್ ಹಿಡಿಯುವವರ ಹೆಸರು ಬರೆಸಿದ್ದೀರಾ? ಇಲ್ಲವೇ? ಹಾಗಾದರೆ ಇಂಜಿನ್ ಆರಿಸಿ. ಒಳಗೆ ಹೋಗಿ. ಬರೆಸಿ ಬನ್ನಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.