ಇಂದುಬಾಯಿ ಮುಚ್ಚಿಟ್ಟ ಬೆರಳುಗಳು

ಕಿಮೋದ ಸಲಾಯಿನು ಹಚ್ಚಿಸಿಕೊಳ್ಳದೆ ಇಂದುಬಾಯಿ ಮಿರಜಿನಿಂದ ವಾಪಸ್ ಬಂದಳು ಎಂಬ ಸುದ್ದಿ, ಅವಳು ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಖಂಡೇರಾಜುರಿಯ ಇಡೀ ಓಣಿಗೆ ಗೊತ್ತಾಗಿತ್ತು. ಮಿರಜಿನ ಬಸ್ಸು ಇಷ್ಟು ಬೇಗ ಬರುವುದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಇಂದುಬಾಯಿಯ ಎದೆಯಲ್ಲಿ ಗಡ್ಡೆ ಸಿಕ್ಕು ಆರು ತಿಂಗಳಾಗಿತ್ತು. ಕ್ಯಾನ್ಸರ್ ಎಂದಿದ್ದರು. ಮೊದಲು ಕಿಮೋ ಕೊಟ್ಟು ಗಡ್ಡೆಯನ್ನು ಸಣ್ಣದು ಮಾಡೋಣ, ಆಮೇಲೆ ಆಪರೇಷನ್ ಎಂದು ಮಿರಜಿನ ಡಾಕ್ಟರಮ್ಮ ಹೇಳಿದ್ದರು. ಒಂದು ಔಷಧದ ನಾಲ್ಕು ಸಲಾಯಿನು ಮುಗಿದವು. ಆಮೇಲೆ ಇನ್ನೊಂದು ಔಷಧ, ವಾರಕ್ಕೊಂದರಂತೆ ಹನ್ನೆರಡು. ಎಂಟು ಆದವು. ಒಂಬತ್ತನೆಯದಕ್ಕೆಂದು ಈ ಮಂಗಳವಾರ ಹೋದಾಗ ರಕ್ತದ ರಿಪೋರ್ಟು ನೋಡಿ, ಬಿಳಿ ಕಣ ಕಡಿಮೆಯಾಗಿವೆ, ಮುಂದಿನ ವಾರ ಬನ್ನಿ ಎಂದು ಕಳಿಸಿಬಿಟ್ಟರು.

ಗಂಡ ಜಿನಪ್ಪನಿಗೆ ಇದು ನುಂಗಲಾರದ ತುತ್ತಾಯಿತು. ಅವನದು ಎರಡು ಎಕರೆ ದ್ರಾಕ್ಷಿ ತೋಟ. ದ್ರಾಕ್ಷಿ ಬೆಳೆಯುವವರು ಚಾಟಣಿ ಮಾಡಿದ, ಅಂದರೆ ಬಳ್ಳಿ ಕತ್ತರಿಸಿದ ದಿನದಿಂದ ಪ್ರತಿ ಕೆಲಸಕ್ಕೂ ದಿನ ಎಣಿಸುತ್ತಾರೆ. ಜಿನಪ್ಪ ಹೆಂಡತಿಯ ಆಪರೇಷನ್ನನ್ನೂ ಆ ಎಣಿಕೆಗೆ ಸೇರಿಸಿಕೊಂಡಿದ್ದ. ಆಪರೇಷನ್ ಮುಗಿದು ಇಂದುಬಾಯಿ ಮನೆಗೆ ಬಂದ ಮೇಲೆಯೇ ಗೊಂಚಲಿನಲ್ಲಿ ಒತ್ತೊತ್ತಾಗಿ ಬಂದ ಕಾಳು ತೆಗೆಯುವ ಕೆಲಸ ಬೀಳಲಿ ಎಂದು ಈ ಸಲ ಚಾಟಣಿಯನ್ನೇ ಹತ್ತು ದಿನ ತಡಮಾಡಿದ್ದ. ಊರವರೆಲ್ಲ ನಕ್ಕಿದ್ದರು. ಈಗ ಆಪರೇಷನ್ನೇ ಮುಂದೆ ಹೋದರೆ ಎರಡೂ ಒಂದರ ಮೇಲೊಂದು ಬಂದು ಬೀಳುತ್ತವೆ.

ಕಿರಾಣಿ ಅಂಗಡಿಯ ನೀಲಾಬಾಯಿ ಅಂಗಡಿಯನ್ನು ಹಾಗೇ ಬಿಟ್ಟು ಓಡಿ ಬಂದಳು.

"ವೈನಿ, ಕೆಟ್ಟ ಅನಕೋಬ್ಯಾಡ್ರಿ. ಡಾಕ್ಟರು ಮುಂದ ಬರ್ರಿ, ಮುಂದ ಬರ್ರಿ ಅನ್ನಾಕ ಹತ್ತಿದ್ರಂದ್ರ ಕೈ ಬಿಟ್ಟಂಗ. ನಮ್ಮವ್ವನ ತಂಗಿಗೂ ಹಿಂಗಽ ಅಂದಿದ್ರು."

"ನನಗೂ ಹಂಗಽ ಅನಸಾಕ ಹತ್ತೇತಿ," ಎಂದ ಜಿನಪ್ಪ. "ಇನ್ನ ಈ ಕಿಮೋ ಸಾಕು. ಸಾಂಗ್ಲಿಗೆ ಬ್ಯಾರೆ ಡಾಕ್ಟರ್ ಹಂತ್ಯಾಕ ಹೋಗಿ, ಇದ್ದ ಗಡ್ಡಿ ಸೀದಾ ತಗಿಸಿಬಿಡೂಣು."

ಇಂದುಬಾಯಿ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ತಿರುಗಿದಳು. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಕೂರಬೇಕೆನಿಸುತ್ತಿತ್ತು. ಅವಳೊಳಗೆ ಇನ್ನೊಂದು ಹೆದರಿಕೆಯಿತ್ತು. ಅದು ಗಂಡನಿಗೂ ಗೊತ್ತಿರಲಿಲ್ಲ. ಮೂರು ವಾರದಿಂದ ಅವಳ ಬೆರಳುಗಳು ಜೋಮು ಹಿಡಿದಿದ್ದವು. ಕುಪ್ಪಸದ ಗುಂಡಿ ಹಾಕಲು ಬರುತ್ತಿರಲಿಲ್ಲ. ಪಾದಗಳು ಗಾದಿಯ ಮೇಲೆ ಇಟ್ಟಂತೆ ಮೆತ್ತಗೆನಿಸುತ್ತಿದ್ದವು. ನರ್ಸಮ್ಮ ಪ್ರತಿ ವಾರ ಕೇಳುತ್ತಿದ್ದಳು. ಹೇಳಿದರೆ ಔಷಧ ಬದಲಿಸುತ್ತಾರೆ, ದಿನ ಹಿಂದೆಮುಂದೆ ಆಗುತ್ತದೆ, ಗಂಡನ ಲೆಕ್ಕ ತಪ್ಪುತ್ತದೆ ಎಂದು ಇಂದುಬಾಯಿ ಪ್ರತಿ ವಾರವೂ ಏನೂ ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

ಮೂರು ದಿನ ಕಳೆದವು. ನಾಲ್ಕನೆಯ ದಿನ ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ಸೋನಲ ಬಂದಳು. ಇಂದುಬಾಯಿ ರೊಟ್ಟಿ ಬೇಯಿಸುತ್ತಿದ್ದಳು. ಹುಡುಗಿಯನ್ನು ಕಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮಾವಶಿ, ಕೈಗೆ ಏನಾಗೇತ್ರಿ?"

"ಏನಿಲ್ಲವಾ. ಕುಂದ್ರು, ಚಾ ಮಾಡತೇನಿ."

ಸೋನಲ ಚಹಾಕ್ಕೆ ಮರುಳಾಗುವವಳಲ್ಲ. ಸೆರಗು ಸರಿಸಿ ನೋಡಿದಳು. ಎರಡು ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿದ್ದವು.

"ಹಂಚು ಬಡದೇತಿ," ಎಂದಳು ಇಂದುಬಾಯಿ. "ಸುಡೂದು ಗೊತ್ತಽ ಆಗಲಿಲ್ಲವಾ." ಅಷ್ಟು ಹೇಳುವುದೇ ತಡ, ಮೂರು ವಾರದಿಂದ ತಡೆದಿಟ್ಟಿದ್ದ ಅಳು ಒಮ್ಮೆಲೇ ಬಂತು. ಜೋಮು ಹಿಡಿದದ್ದನ್ನೂ ನರ್ಸಮ್ಮನಿಗೆ ಮುಚ್ಚಿಟ್ಟದ್ದನ್ನೂ ಅಳುತ್ತಲೇ ಹೇಳಿದಳು.

ಅಂಗಳದಲ್ಲಿದ್ದ ಜಿನಪ್ಪ ಒಳಗೆ ಬಂದ. ಹೆಂಡತಿಯ ಬೆರಳು ಕಂಡು ಅವನಿಗೆ ಎದೆ ಒಡೆದಂತಾಯಿತು. ಆದರೆ ಗಂಡಸರು ಹೆದರಿದಾಗ ಮಾಡುವುದನ್ನೇ ಅವನೂ ಮಾಡಿದ, ಅಂದರೆ ಜೋರು ಮಾಡಿದ.

"ನೋಡಿದಿ? ಅದಕ್ಕಽ ಅಂದೆ, ಆ ಔಷಧಽ ಬ್ಯಾಡ! ಡಾಕ್ಟರು ಬರದುಕೊಟ್ಟ ದಿನದ ಪಟ್ಟಿ ಅವರಽ ಮುರದ್ರು. ಕೈಲೇ ಆಗೂದಿಲ್ಲಂತ ಬಿಟ್ಟುಕೊಟ್ಟಾರ!"

ಸೋನಲ ಸಾವಕಾಶ ಕೇಳಿದಳು. "ಕಾಕಾ, ಇವತ್ತ ದ್ರಾಕ್ಷಿ ಬಾಗಿಗೆ ಔಷಧ ಹೊಡಿಯೂದು ಇತ್ತಲ್ರಿ. ಯಾಕ ಮನ್ಯಾಗ ಅದೀರಿ?"

"ಮ್ಯಾಲ ನೋಡು, ಎಷ್ಟು ಮಾಡ ಆಗೇತಿ. ಹೊಡದು ಮಳಿ ಬಿದ್ರ ಎಲ್ಲಾ ತೊಳಕೊಂಡು ಹೋಗತೈತಿ. ನಾಡಿದ್ದು ಹೊಡಿತೇನಿ."

"ಮತ್ತ ಗ್ವಾಡಿ ಮ್ಯಾಲಿನ ಪಟ್ಟ್ಯಾಗ ಇವತ್ತಂತ ಬರದೀರಲ್ಲ?"

"ಪಟ್ಟಿ ಬರದಾಗ ಮಾಡ ಎಲ್ಲಿ ಇತ್ತು? ಬಳ್ಳಿ ನೋಡಬೇಕು, ಎಲಿ ನೋಡಬೇಕು, ಹವಾ ನೋಡಬೇಕು. ಕಾಗದ ನೋಡಿ ಬಾಗ ಮಾಡಾಕ ಬರತೈತೇನು?"

"ಹಂಗಾರ ನೀವು ಬಾಗ ಬಿಟ್ಟುಕೊಟ್ರಿ ಅಂತಾತಲ್ರಿ ಕಾಕಾ?"

ಜಿನಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ.

"ಡಾಕ್ಟರೂ ಮಾವಶಿ ಮೈ ನೋಡಿ ಪಟ್ಟಿ ಬದಲ ಮಾಡತಾರ," ಎಂದಳು ಸೋನಲ. "ರೋಗದ ಸಂಗಾಟ ಬಡದಾಡೂದು ಬಿಳಿ ಕಣ. ಅವು ಕಡಿಮಿ ಇದ್ದಾಗ ಕಿಮೋ ಕೊಟ್ರ ಸಣ್ಣ ಜ್ವರನೂ ಭಾರಿ ಆಗತೈತಿ. ಅದಕ್ಕ ಒಂದು ವಾರ ಬಿಟ್ಟಾರ. ಕೈ ಜೋಮು ಹಿಡದ್ರ ಔಷಧ ಕಡಿಮಿ ಮಾಡತಾರ, ಇಲ್ಲಾ ಬ್ಯಾರೆ ಕೊಡತಾರ. ಆದ್ರ ಮಾವಶಿ, ನೀವು ಹೇಳಲಿಲ್ಲಂದ್ರ ಅವರಿಗೆ ಹೆಂಗ ಗೊತ್ತಾಗಬೇಕು? ಹಿಂಗಽ ಬಿಟ್ರ ಜೋಮು ಬಾಳ ದಿನ ಹೋಗೂದಿಲ್ರಿ."

"ಮತ್ತ ಕಿಮೋ ಬಿಟ್ಟು ಸೀದಾ ಆಪರೇಷನ್?" ಜಿನಪ್ಪನ ದನಿ ಈಗ ಇಳಿದಿತ್ತು.

"ಅದನ್ನೂ ಡಾಕ್ಟರಿಗೇ ಕೇಳ್ರಿ. ಬ್ಯಾರೆ ಡಾಕ್ಟರಿಗೆ ತೋರಸಬೇಕು ಅನಸಿದ್ರ ಎಲ್ಲಾ ಕಾಗದ ತಗೊಂಡು ಹೋಗಿ ತೋರಸ್ರಿ, ತಪ್ಪೇನಿಲ್ಲ. ಆದ್ರ ನಿಮ್ಮ ಮನಸಿಗೆ ಬಂದಂಗ ನಡುವ ಬಿಡಬ್ಯಾಡ್ರಿ. ಮತ್ತ ನೆನಪಿಡ್ರಿ, ಜ್ವರ ನೂರರ ಮ್ಯಾಲ ಹೋತಂದ್ರ, ಇಲ್ಲಾ ಚಳಿ ನಡುಕ ಬಂತಂದ್ರ, ಮಂಗಳವಾರ ಬರಲಿ ಅಂತ ಕಾಯಬ್ಯಾಡ್ರಿ. ಆವಾಗಿಂದ ಆವಾಗಽ ದವಾಖಾನಿ."

ಮಂಗಳವಾರದ ತನಕ ಇಂದುಬಾಯಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಬಸ್ಸಿನಲ್ಲೂ ಹೇಳಲೋ ಬೇಡವೋ ಎಂದು ಬಾಯೊಳಗೇ ಮಾತು ಜೋಡಿಸುತ್ತಿದ್ದಳು. ನರ್ಸಮ್ಮ ಎಂದಿನಂತೆ ಕೇಳಿದಳು. ಇಂದುಬಾಯಿ ಗಂಡನ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟಳು.

ಡಾಕ್ಟರಮ್ಮ ಬೈಯಲಿಲ್ಲ. ಪಿನ್ನಿನಿಂದ ಮೆಲ್ಲಗೆ ಒತ್ತಿ ಎಲ್ಲಿ ತಿಳಿಯುತ್ತದೆ, ಎಲ್ಲಿ ಇಲ್ಲ ಎಂದು ಕೇಳಿದರು. ಎದೆಯನ್ನೂ ಪರೀಕ್ಷೆ ಮಾಡಿದರು. ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು: ನಿಂಬೆಹಣ್ಣಿನಷ್ಟಿದ್ದ ಗಡ್ಡೆ ಅಡಿಕೆಯಷ್ಟಾಗಿದೆ. ಔಷಧ ಕೆಲಸ ಮಾಡಿದೆ. ರಕ್ತವೂ ಸುಧಾರಿಸಿದೆ. ಆದರೆ ಕೈಕಾಲಿನ ಸಲುವಾಗಿ ಇವತ್ತಿನಿಂದ ಔಷಧದ ಪ್ರಮಾಣ ಇಳಿಸುತ್ತೇವೆ. ಜೋಮು ಇಳಿಯದಿದ್ದರೆ ಔಷಧವನ್ನೇ ಬದಲಿಸುತ್ತೇವೆ. ಆಪರೇಷನ್ ಹತ್ತು ಹದಿನೈದು ದಿನ ಮುಂದೆ ಹೋಗಬಹುದು.

ಗೊಂಚಲಿನ ಕೆಲಸದ ದಿನಗಳೇ ಅವು. "ಬಾಗಿನ ಕೆಲಸ..." ಎಂದು ಇಂದುಬಾಯಿ ಗಂಡನ ಕಡೆ ತಿರುಗಿದಳು.

"ಬಾಗಿಗೆ ಆಳು ಸಿಗತಾರ," ಎಂದ ಜಿನಪ್ಪ. "ನನಗ ನೀ ಎಲ್ಲಿ ಸಿಗತಿ?"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಆಪರೇಷನ್ನಿಗೆ ಮೊದಲು ಕಿಮೋ ತೆಗೆದುಕೊಳ್ಳುತ್ತಿರಬಹುದು. ದಿನ ಮುಂದೆ ಹೋಯಿತು, ಔಷಧ ಬದಲಾಯಿತು ಎಂದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಓಣಿಯವರನ್ನು ಕೇಳುವ ಮೊದಲು ಡಾಕ್ಟರನ್ನು ಕೇಳಿ: ಯಾಕೆ ಬದಲಿಸಿದಿರಿ? ಇನ್ನು ಮುಂದೆ ಏನು? ಯಾವುದಕ್ಕೆ ಹೆದರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು? ಉತ್ತರ ಮರೆತುಹೋಗುವಂತಿದ್ದರೆ ಬರೆಸಿಕೊಳ್ಳಿ. ಕೇಳಲು ನಾಚಿಕೆಯಾದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೆಯವರಿಗೂ ಒಂದು ಮಾತು: ಬೆಳೆ, ಮದುವೆ, ಹಬ್ಬ ಯಾವುದಕ್ಕಾದರೂ ಬೇರೆ ದಿನ ಹುಡುಕಬಹುದು. ನಿಮ್ಮ ಲೆಕ್ಕ ತಪ್ಪೀತು ಎಂದು ಹೆದರಿ ನಿಮ್ಮ ಮನೆಯ ಹೆಣ್ಣುಮಗಳು ತನ್ನ ನೋವನ್ನು ನುಂಗುತ್ತಿರಬಹುದು. ಇವತ್ತೇ ಅವಳ ಪಕ್ಕದಲ್ಲಿ ಕೂತು ಕೇಳಿ.