ಘಾಟಿಯ ದೇವರಿಗೆ ಮೂರು ಹಾರ್ನ್

ಲಂಪೂನಿನಿಂದ ಲಂಪಾಂಗಿಗೆ ಹೋಗುವ ಘಾಟಿಯ ನೆತ್ತಿಯಲ್ಲಿ ಚಾವ್ ಪೋ ದೇವರ ಗುಡಿ ಇದೆ. ಎಂಥ ಅವಸರದವನೇ ಆಗಲಿ, ಅಲ್ಲಿ ಮೂರು ಸಲ ಹಾರ್ನ್ ಹೊಡೆಯದೆ ಮುಂದೆ ಹೋಗುವುದಿಲ್ಲ. ಉಳಿದ ಕಡೆ ನಮ್ಮವರು ಹಾರ್ನ್ ಮುಟ್ಟುವುದೇ ಅಪರೂಪ. ಮುಂದಿನ ಗಾಡಿಯವನು ತೂಕಡಿಸುತ್ತಿದ್ದರೂ ಸುಮ್ಮನೆ ಕಾಯುತ್ತೇವೆ. ಹಾಗಾಗಿ ನಮ್ಮ ಲಂಪೂನಿನ ಸವಾತನ ಕಾರಿನ ಹಾರ್ನ್ ಯಾವತ್ತು ಸತ್ತಿತೋ ಅವನಿಗೇ ಗೊತ್ತಿಲ್ಲ. ಗೊತ್ತಾದದ್ದು ಗುಡಿಯ ಮುಂದೆ. ಒತ್ತಿದ, ಸದ್ದಿಲ್ಲ. ಗುದ್ದಿದ, ಸದ್ದಿಲ್ಲ.

‘ಅಯ್ಯಯ್ಯೋ, ದೇವರ ಮುಂದೆ ಮೂಗರ ಹಾಗೆ ಹೋಗ್ತಿದೀವಲ್ಲೋ ಅಣ್ಣ!’ ಪಕ್ಕದಲ್ಲಿದ್ದ ತಂಗಿ ಬುವಾಚುಮ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಪ್ಪೀಂ! ಪ್ಪೀಂ! ಪ್ಪೀಂ!’ ಎಂದು ಕೂಗಿಯೇಬಿಟ್ಟಳು. ಅವಳ ಗಂಟಲಿಗೆ ಹಾರ್ನ್ ಯಾವ ಲೆಕ್ಕ! ಗೃಹಪ್ರವೇಶಗಳಲ್ಲಿ ‘ಸೋ’ ಹಾಡುವುದು ಅವಳ ಕಸುಬು. ಎದುರು ಕೂತ ಗಂಡು ಹಾಡುಗಾರ ಒಂದು ಮಾತು ಕಟ್ಟಿ ಎಸೆದರೆ, ಉಸಿರು ಬಿಡದೆ ಹತ್ತು ಸಾಲು ಕಟ್ಟಿ ಅವನ ಬಾಯಿ ಮುಚ್ಚಿಸುತ್ತಿದ್ದಳು.

ಮರುದಿನ ಸವಾತ್ ಕಂಪನಿಯ ಗ್ಯಾರೇಜಿಗೆ ಹೋದ. ಬೆಂಚಿನ ತುಂಬ ಅದೇ ಮಾದರಿ ಕಾರಿನವರು, ಎಲ್ಲರದ್ದೂ ಅದೇ ಗೋಳು.

‘ಸ್ಟೇರಿಂಗ್ ಒಳಗೊಂದು ಸುರುಳಿ ತಂತಿ ಇರತ್ತೆ ಮಾವ, ಅದು ಕಿತ್ತೋಗಿದೆ,’ ಎಂದ ಮೆಕ್ಯಾನಿಕ್. ‘ಹಾರ್ನಿಗೂ ಏರ್‌ಬ್ಯಾಗಿಗೂ ಕರೆಂಟ್ ಹೋಗೋದು ಅದರಲ್ಲೇ. ಪುಕ್ಕಟೆ ಬದಲಾಯಿಸಿ ಕೊಡ್ತೀವಿ, ಆದ್ರೆ ಸಾಮಾನು ಬರೋಕೆ ಒಂದು ತಿಂಗಳು. ಅಲ್ಲೀತನಕ ಎಲ್ಲಾದ್ರೂ ಗುದ್ದಿದ್ರೆ ಏರ್‌ಬ್ಯಾಗ್ ಬಿಚ್ಚೋದಿಲ್ಲ. ಓಡಿಸ್ಬೇಡಿ.’

ಇಪ್ಪತ್ತು ವರ್ಷ ಅಕ್ಕಿ ಗಿರಣಿಗಳ ಮೋಟಾರು ಬಿಚ್ಚಿ ಜೋಡಿಸಿದ ಸವಾತನಿಗೆ ಒಂದು ತಂತಿ ದೊಡ್ಡದೇ? ‘ದೇವರಿಗೆ ಒಂದು ತಿಂಗಳು ಕಾಯಪ್ಪ ಅನ್ನೋಕಾಗತ್ತಾ?’ ಎಂದುಕೊಂಡು ಬ್ಯಾಟರಿಯಿಂದ ಬೇರೆ ತಂತಿ ಎಳೆದು ಸ್ಟೇರಿಂಗಿನ ಪಕ್ಕದಲ್ಲೊಂದು ಗುಂಡಿ ಕೂರಿಸಿದ. ಒತ್ತಿದರೆ ಮೂರು ಬೀದಿಗೆ ಕೇಳಿಸಿತು. ಏರ್‌ಬ್ಯಾಗಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು.

‘ಇದ್ಯಾಕೋ ಉರೀತಿದೆ?’ ಎಂದು ತಂಗಿ ಕೇಳಿದಳು.

‘ಏನಿಲ್ಲ ಬಿಡೆ, ಹಾರ್ನ್ ತಂತಿ ಬದಲಿಸಿದ್ನಲ್ಲ, ಅದಕ್ಕೆ.’

ಇನ್ನೊಮ್ಮೆ ಕೇಳಿಯಾಳೆಂದು ಆ ದೀಪದ ಮೇಲೆ ಬೌದ್ಧ ವಿಹಾರದಿಂದ ತಂದ ರಕ್ಷಾಯಂತ್ರದ ಚೀಟಿ ಅಂಟಿಸಿದ. ಮಹಾ ಬುದ್ಧಿವಂತ!

ತಿಂಗಳಿಗೆ ಸರಿಯಾಗಿ ಗ್ಯಾರೇಜಿನಿಂದ ಫೋನು ಬಂತು. ಆಗ ಅವನ ತೋಟದಲ್ಲಿ ಲಾಂಗನ್ ಹಣ್ಣಿನ ಕೊಯ್ಲು. ‘ಮುಂದಿನ ವಾರ ಬರ್ತೀನಿ’ ಎಂದ. ಆ ವಾರವೂ ಹೋಯಿತು, ಅದರ ಮುಂದಿನದೂ ಹೋಯಿತು. ಒಂದು ಬೆಳಿಗ್ಗೆ ಲಂಪಾಂಗಿನಲ್ಲಿ ಹಾಡಲು ಹೊರಟ ಬುವಾಚುಮ್‌ಗೆ ಮೇಳದ ವ್ಯಾನು ಬರಲಿಲ್ಲ. ಅಣ್ಣನನ್ನು ಕಾರು ಕೇಳಲು ತೋಟಕ್ಕೆ ಬಂದಳು. ಸವಾತ್ ಮರದ ಮೇಲಿದ್ದ. ಜೇಬಿನಿಂದ ಕೀ ತೆಗೆದು ಕೆಳಗೆ ಎಸೆದ.

‘ನಿಧಾನ ಹೋಗು,’ ಎಂದ. ಅಷ್ಟೇ ಎಂದ. ಆ ಬಾಯಿಗೆ ಇನ್ನು ನಾಲ್ಕು ಮಾತು ಬಂದಿದ್ದರೆ ಗಂಟೇನು ಹೋಗುತ್ತಿತ್ತು?

ಗುಡಿ ದಾಟಿ ಇಳಿಜಾರಿನಲ್ಲಿ ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಬುವಾಚುಮ್ ಅದರ ಹಿಂಬದಿಗೆ ಹೋಗಿ ಗುದ್ದಿದಳು. ಏರ್‌ಬ್ಯಾಗ್ ಬಿಚ್ಚಲಿಲ್ಲ. ಸ್ಟೇರಿಂಗ್ ಎದೆಗೆ ಬಡಿದು ಮೂರು ಪಕ್ಕೆಲುಬು ಮುರಿದವು, ಒಂದು ಶ್ವಾಸಕೋಶಕ್ಕೆ ಚುಚ್ಚಿತು. ಜೀವ ಉಳಿಯಿತು.

ಆಸ್ಪತ್ರೆಗೆ ಬಂದವರಿಗೆಲ್ಲ ಅವಳದು ಒಂದೇ ಮಾತು: ‘ಗುಡಿ ಮುಂದೆ ಮೂರು ಸಲ ಹಾರ್ನ್ ಹೊಡೆದಿದ್ದೆ, ಚಾವ್ ಪೋ ಕೇಳಿಸ್ಕೊಂಡ. ನಮ್ಮಣ್ಣ ಆ ಗುಂಡಿ ಹಾಕದೆ ಹೋಗಿದ್ರೆ ಇಷ್ಟು ಹೊತ್ತಿಗೆ ನಾನು ಬೂದಿ.’ ಬಂದವರು ಸವಾತನ ಬೆನ್ನು ತಟ್ಟಿ ಹೋಗುತ್ತಿದ್ದರು. ಮೊದಲ ದಿನ ಅವಳು ನೋವಿನಲ್ಲಿದ್ದಾಳೆಂದು ಸುಮ್ಮನಿದ್ದ. ಎರಡನೆಯ ದಿನ ಜನ ಇದ್ದಾರೆಂದು ಸುಮ್ಮನಿದ್ದ. ಆಮೇಲೆ ಹೇಳುವುದು ದಿನದಿನಕ್ಕೆ ಕಷ್ಟವಾಯಿತು. ಅವಳು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗಲೆಲ್ಲ ಅವನು ಎದ್ದು ಹೊರಟುಬಿಡುತ್ತಿದ್ದ. ‘ನಾನೇ ಮಾಡಿದ್ದು, ನಾನೇ’ ಎಂದು ತೋಟದಲ್ಲಿ ಒಬ್ಬನೇ ಗೊಣಗುತ್ತಿದ್ದ. ಮನೆಗೆ ಬಂದರೆ ಬಾಯಿ ಹೊಲಿದುಕೊಳ್ಳುತ್ತಿತ್ತು. ಹೀಗೇ ಆರು ತಿಂಗಳು ಕಳೆಯಿತು.

ಬದುಕಿದರೆ ಗುಡಿಗೆ ಬಂದು ತಾನೇ ಹಾಡುತ್ತೇನೆಂದು ಬುವಾಚುಮ್ ಹರಕೆ ಹೊತ್ತಿದ್ದಳು. ಅದನ್ನು ತೀರಿಸಲು ಅಣ್ಣತಂಗಿ ಇಬ್ಬರೇ ಹೋದರು. ಬೇಯಿಸಿದ ಹಂದಿ ತಲೆ, ಸಾರಾಯಿ ಇಟ್ಟು ಊದುಬತ್ತಿ ಹಚ್ಚಿದರು. ಅವಳು ಮಂಡಿಯೂರಿ ಕೂತು ಹಾಡಲು ಹಿಡಿದಳು. ಎರಡನೆಯ ಸಾಲಿನ ನಡುವೆಯೇ ಉಸಿರು ಕೈಕೊಟ್ಟಿತು. ಮತ್ತೆ ಹಿಡಿದಳು, ಮತ್ತೆ ಅಲ್ಲಿಗೇ ನಿಂತಿತು. ಎದೆ ಒತ್ತಿಕೊಂಡು ನಕ್ಕಳು.

‘ನನ್ನ ಕೈಲಾಗಲ್ಲ. ನೀನೇ ಹೇಳಣ್ಣ ಚಾವ್ ಪೋಗೆ. ಅವನು ಕೇಳಿಸ್ಕೊಂಡಿದ್ದು ನಿನ್ನ ಹಾರ್ನ್ ತಾನೇ?’

ಸವಾತ್ ಕೈಮುಗಿದು ದೇವರ ಕಡೆ ತಿರುಗಿದ.

‘ಅಪ್ಪಾ, ಏರ್‌ಬ್ಯಾಗ್ ಬಿಚ್ಚಲ್ಲ ಅಂತ ನಂಗೆ ಗೊತ್ತಿತ್ತು,’ ಎಂದ. ‘ಗ್ಯಾರೇಜಿನವ್ರು ಹೇಳಿದ್ರು. ಸಾಮಾನು ಬಂದಿದೆ ಅಂತ ಫೋನೂ ಮಾಡಿದ್ರು. ನಾನು ಹೋಗ್ಲಿಲ್ಲ. ಇವಳಿಗೆ ಕಾಣಬಾರ್ದು ಅಂತ ದೀಪ ಮುಚ್ಚಿಟ್ಟೆ. ಗೊತ್ತಿದ್ದೂ ಕೀ ಕೊಟ್ಟೆ. ತಪ್ಪಾಯ್ತು.’

ರಸ್ತೆಯಲ್ಲಿ ಹೋಗುವ ಗಾಡಿಗಳು ಒಂದಾದ ಮೇಲೊಂದು ಹಾರ್ನ್ ಹೊಡೆಯುತ್ತಿದ್ದವು.

‘ದೇವರಿಗೆ ಹೇಳ್ತೀಯಲ್ಲ ಅಣ್ಣ,’ ಎಂದಳು ಬುವಾಚುಮ್. ‘ನಾನು ಆರು ತಿಂಗಳಿಂದ ನಿನ್ನ ಪಕ್ಕದಲ್ಲೇ ಇದ್ದೆ.’

ಎದ್ದಳು. ಚಪ್ಪಲಿ ಮೆಟ್ಟಿ, ರಸ್ತೆಗೆ ಇಳಿದು, ಲಂಪೂನಿನ ಕಡೆ ಹೋಗುವ ಬಾಡಿಗೆ ಗಾಡಿಗೆ ಕೈ ಅಡ್ಡ ಹಿಡಿದಳು. ‘ಬುವಾ, ನಿಲ್ಲೇ!’ ಎಂದು ಸವಾತ್ ಕೂಗಿದ. ಅವಳು ಹತ್ತಿ ಕೂತಳು, ತಿರುಗಿ ನೋಡಲಿಲ್ಲ. ಊದುಬತ್ತಿ ಪೂರ್ತಿ ಉರಿದು ಆರುವ ತನಕ ಹರಕೆಯ ಎಡೆಯ ಬಳಿ ಒಬ್ಬರಾದರೂ ಇರಬೇಕು. ಸವಾತ್ ಅಲ್ಲೇ ಕೂತ. ಬತ್ತಿ ಇನ್ನೂ ಅರ್ಧವೂ ಉರಿದಿರಲಿಲ್ಲ.