ಅಲಗು ಉಜ್ಜಿದವರು

"ಮ್ಯಾಲೆ ಇಟ್ಟದ್ದನ್ನ ಎಲ್ಲಾರೂ ನೋಡಾಕತ್ತಾರ, ನೀವೊಬ್ರ ಕೆಳಗ ನೋಡಾಕತ್ತೀರಿ," ಎಂದಳು ಶಕುಂತಲಾ.

ಪ್ರಕಾಶ ನಗಲು ಹೋಗಿ ಕೆಮ್ಮಿದ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯೊಳಗೆ ನಾಲ್ಕು ಸಾವಿರ ವರ್ಷ ಹಳೆಯ, ಜೇಡ್ ಎಂಬ ಗಟ್ಟಿ ಹಸಿರು ಕಲ್ಲಿನ ಚೀನೀ ಅಲಗು. ಅದರ ಕೆಳಗಿನ ಕರಿ ಗ್ರಾನೈಟಿನ ಪೀಠ ಅವನು ಉಜ್ಜಿದ್ದು. ಇಳಕಲ್ಲಿನಿಂದ ಸಿಂಗಪುರಕ್ಕೆ ಬಂದು ಕಲ್ಲಿನ ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ದುಡಿದದ್ದರಲ್ಲಿ, ಹೆಂಡತಿಗೆ ತೋರಿಸಲು ಇದೊಂದೇ ಇತ್ತು. ಉಳಿದದ್ದೆಲ್ಲ ಯಾರ್ಯಾರದೋ ಅಡುಗೆಮನೆಯ ಕಟ್ಟೆಗಳಾಗಿತ್ತು. ಎದೆಯ ಎಕ್ಸ್‌ರೇ ಕಲ್ಲಿನ ಧೂಳು ತೋರಿಸಿದ ವಾರದಲ್ಲೇ ಕಂಪನಿ ಅವನ ಕೆಲಸದ ಪಾಸ್ ಕ್ಯಾನ್ಸಲ್ ಮಾಡಿತ್ತು. ಸುದ್ದಿ ಕೇಳಿ ಶಕುಂತಲಾ ಓಡಿ ಬಂದಿದ್ದಳು. ನಾಳೆ ಇಬ್ಬರಿಗೂ ಊರಿಗೆ ವಿಮಾನ. ಕಾಯಿಲೆ ಊರಿಂದಲೇ ತಂದದ್ದು ಎಂದು ಕಂಪನಿ ಬರೆದುಕೊಟ್ಟ ಕಾಗದಕ್ಕೆ ಇವತ್ತು ಸಂಜೆ ಐದರೊಳಗೆ ಸಹಿ ಹಾಕಿ ಕೊಡಬೇಕು. ಹಾಕಿ ಕೈತೊಳೆದುಕೊಂಡರಾಯಿತು ಎಂದು ಅವನು ತಾನಿದ್ದ ಟ್ಯಾಂಪಿನೀಸಿನಿಂದ ರೈಲಿನುದ್ದಕ್ಕೂ ಹೇಳುತ್ತ ಬಂದಿದ್ದ. ಅವಳು ಒಪ್ಪಿರಲಿಲ್ಲ.

ಕನ್ನಡ ಕಿವಿಗೆ ಬಿದ್ದು ಮ್ಯೂಸಿಯಮ್ಮಿನ ಗೈಡ್ ಅನಸೂಯ ಹತ್ತಿರ ಬಂದರು. ಬೆಂಗಳೂರಿನವರು, ಬಿಡುವಿನಲ್ಲಿ ಸಂಬಳವಿಲ್ಲದೆ ಈ ಕೆಲಸ ಮಾಡುವವರು. ಇದು ಯುದ್ಧದ್ದಲ್ಲ, ದೊರೆಗಳು ಪೂಜೆಗೆಂದು ಮಾಡಿಸಿದ್ದು, ಒಂದು ಹುಲ್ಲನ್ನೂ ಕಡಿದಿಲ್ಲ ಎಂದರು. ಜೇಡ್ ಉಳಿಗೆ ಬಗ್ಗುವುದಿಲ್ಲವಂತೆ. ಮರಳು, ನೀರು ಹಾಕಿ ತಿಂಗಳುಗಟ್ಟಲೆ ಉಜ್ಜಿಯೇ ಇಷ್ಟು ತೆಳ್ಳಗೆ ಮಾಡಬೇಕಂತೆ.

"ನೀರು ಹಾಕ್ತಿದ್ರೇನ್ರಿ?" ಪ್ರಕಾಶ ಪೀಠ ನೋಡುತ್ತಲೇ ಕೇಳಿದ.

"ಹೌದು, ಕಂಟಿನ್ಯುಯಸ್ ಆಗಿ."

"ನಮ್ಮಲ್ಲಿ ನೀರು ಬಂದ್ ಮಾಡಸ್ತಿದ್ರು, ಧೂಳೆಲ್ಲಾ ನಮ್ಮ ಎದಿಗೆ. ಹಸಿ ಕಲ್ಲು ಒಣಗೂತನಾ ಕಾದ್ರ ಆರ್ಡರ್ ತಡಾ ಆಗತೈತಂತ."

ಅನಸೂಯರ ಮುಗುಳ್ನಗೆ ಹಾಗೇ ನಿಂತಿತು. ಪ್ರಕಾಶ ಅಲಗಿನ ಕಡೆ ಮೊದಲ ಸಲ ಕಣ್ಣೆತ್ತಿದ.

"ಇದನ್ನ ಉಜ್ಜಿದಾವ್ರಿಗೆ ಕೆಮ್ಮು ಬಂದಿತ್ತೇನ್ರಿ, ಮೇಡಂ?"

"ಅದು... ಯಾವ ದೊರೆ ಸಮಾಧೀಲಿ ಸಿಕ್ತು ಅನ್ನೋದು ಗೊತ್ತು. ಮಾಡಿದವರ ಬಗ್ಗೆ ಯಾರೂ ಏನೂ ಬರೆದಿಟ್ಟಿಲ್ಲ. ಸಾರಿ."

ಅವನು ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತ. ಚೀಲದಿಂದ ಕಂಪನಿಯ ಕಾಗದ ತೆಗೆದ. ಶಕುಂತಲಾ ಮುಖ ತಿರುಗಿಸಿದಳು. ಅವನು ಸಹಿ ಹಾಕಲಿಲ್ಲ. ಕಾಗದವನ್ನು ಖಾಲಿ ಬದಿಗೆ ಮಗುಚಿ, ಪೆನ್ನನ್ನು ಅವಳ ಕೈಗಿಟ್ಟ.

"ನಾ ಹೇಳತೀನಿ, ನೀ ಬರಿ. ಮೊದಲ ನನ್ನ ಹೆಸರು. ಆಮ್ಯಾಲ ನೀರು ಬಂದ್ ಮಾಡ್ರಿ ಅಂತ ಹೇಳಿದ್ದು ಯಾರು, ಯಾವಾಗ..."

ಕೆಮ್ಮು ಮುಂದಿನದನ್ನು ನುಂಗಿತು. ನೋಡಲು ಬಂದಿದ್ದ ಜನ ಮೆಲ್ಲಗೆ ಪಕ್ಕದ ಕೋಣೆಗೆ ಸರಿದರು. ಶಕುಂತಲಾ ಮೊಣಕಾಲ ಮೇಲೆ ಕಾಗದ ಹಾಸಿ ಅವನ ಹೆಸರು ಬರೆದಳು. ಅದರ ಮುಂದೆ ಪೆನ್ನಿನ ಮೊನೆ ಊರಿ, ಅವನ ಉಸಿರು ತಿರುಗಿ ಬರಲೆಂದು ಕಾದಳು.